ಅಂಕಪಟ್ಟಿಯಿಂದ ನೇಮಕಾತಿ ಆದೇಶದವರೆಗೆ: ಪದವಿ ಕಾಲೇಜಿನಲ್ಲಿ ಅಧ್ಯಾಪಕರ ಅರ್ಹತೆ ನೋಡುವ ಬಗೆ

ಪದವಿ ಕಾಲೇಜಿನ ನೇಮಕಾತಿಯಲ್ಲಿ ಆಗುವ ತಪ್ಪುಗಳು ಬಹುಪಾಲು ಅರ್ಜಿ ಪರಿಶೀಲನೆಯ ಹಂತದಲ್ಲೇ ಆಗಿರುತ್ತವೆ. ಹೊರಬೀಳುವುದು ಎರಡು ಮೂರು ವರ್ಷ ಕಳೆದ ಮೇಲೆ, ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ ಬಂದಾಗಲೋ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಕಡತ ಕೇಳಿದಾಗಲೋ. ಅಷ್ಟರಲ್ಲಿ ಆ ಅಧ್ಯಾಪಕರು ಬೇರೆ ಕಡೆಯ ಅವಕಾಶ ಬಿಟ್ಟಿರುತ್ತಾರೆ, ಕೆಲವರಿಗೆ ವಯೋಮಿತಿಯೂ ದಾಟಿರುತ್ತದೆ. ಅರ್ಹತೆ ನೋಡುವ ಕೆಲಸಕ್ಕೆ ಕೂತವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನಾಂಕ, ಆಮೇಲೆ ಅಂಕ. ಪ್ರತಿ ಅರ್ಜಿಗೂ ಒಂದು ಎ4 ಹಾಳೆ. ಮೇಲೆ ಎರಡು ದಿನಾಂಕ ಬರೆದುಕೊಳ್ಳುತ್ತೇನೆ: ಅರ್ಜಿ ಸಲ್ಲಿಸುವ ಕೊನೆಯ ದಿನ, ಮತ್ತು ಆ ದಿನ ಜಾರಿಯಲ್ಲಿದ್ದ ನಿಯಮಾವಳಿಯ ದಿನಾಂಕ. ಅಭ್ಯರ್ಥಿ ಆ ಕೊನೆಯ ದಿನ ಅರ್ಹನಿದ್ದನೇ ಎಂಬುದಷ್ಟೇ ಪ್ರಶ್ನೆ. ವೈವಾ (ಮೌಖಿಕ ಪರೀಕ್ಷೆ) ಮುಗಿದಿದೆ, ಪಿಎಚ್‌.ಡಿ. ಅಧಿಸೂಚನೆ ಮುಂದಿನ ವಾರ ಬರುತ್ತದೆ ಎಂದರೆ ಆ ದಿನಕ್ಕೆ ಪಿಎಚ್‌.ಡಿ. ಇಲ್ಲ. ಸಂದರ್ಶನದ ಹೊತ್ತಿಗೆ ಬಂದಿತಲ್ಲ ಎಂದು ಒಪ್ಪಿಕೊಂಡರೆ, ಅದೇ ಕಾರಣಕ್ಕೆ ಅರ್ಜಿಯನ್ನೇ ಹಾಕದವರಿಗೆ ಅನ್ಯಾಯವಾಗುತ್ತದೆ. ಅವರು ನ್ಯಾಯಾಲಯಕ್ಕೆ ಹೋದರೆ ನಮ್ಮ ಬಳಿ ಉತ್ತರವಿರುವುದಿಲ್ಲ.

ಕಲೆ, ವಿಜ್ಞಾನ, ವಾಣಿಜ್ಯ ವಿಷಯಗಳಿಗೆ ಆಧಾರ 2018ರ ಜುಲೈ 18ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ ಶೇ. 55, ಜೊತೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ). ಯುಜಿಸಿಯ 2009ರ, 2016ರ ಅಥವಾ ನಂತರದ ಪಿಎಚ್‌.ಡಿ. ನಿಯಮಾವಳಿಯಂತೆ ಡಾಕ್ಟರೇಟ್ ಪಡೆದವರಿಗೆ ನೆಟ್‌ನಿಂದ ವಿನಾಯಿತಿ. ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರ ಜುಲೈ 1ರಿಂದ ಪಿಎಚ್‌.ಡಿ. ಕಡ್ಡಾಯ ಎಂದು ಈ ನಿಯಮಾವಳಿ ಹೇಳಿತ್ತು. ಅದು ಎರಡು ವರ್ಷ ಮುಂದೆ ಹೋಗಿ, 2023ರ ತಿದ್ದುಪಡಿಯಲ್ಲಿ ಐಚ್ಛಿಕವಾಯಿತು. ಹಳೆಯ ಪ್ರತಿಯನ್ನೇ ಮುದ್ರಿಸಿಟ್ಟುಕೊಂಡು ಇಂದಿಗೂ ಅದರಂತೆ ಜಾಹೀರಾತು ಕೊಡುವವರಿದ್ದಾರೆ. 2025ರ ಜನವರಿಯಲ್ಲಿ ಹೊರಬಂದದ್ದು ಹೊಸ ನಿಯಮಾವಳಿಯ ಕರಡು. ಕರಡನ್ನು ನೋಡಿ ಯಾರನ್ನೂ ಅರ್ಹರೆಂದಾಗಲಿ ಅನರ್ಹರೆಂದಾಗಲಿ ಬರೆಯಬಾರದು. ಇನ್ನೊಂದು ಗೊಂದಲ ಬಿ.ಎಡ್‌.ನದು. ಅದು ಪಿಯು ಉಪನ್ಯಾಸಕರಿಗೆ ಬೇಕು, ಪದವಿ ಕಾಲೇಜಿಗೆ ಬೇಕಿಲ್ಲ. ಪಿಯು ಮತ್ತು ಪದವಿ ಒಂದೇ ಆವರಣದಲ್ಲಿರುವ ಸಂಸ್ಥೆಗಳಲ್ಲಿ ಇವೆರಡನ್ನೂ ಬೆರೆಸಿ ಜಾಹೀರಾತು ಕೊಡುವುದುಂಟು.

ಶೇಕಡಾ 55ರ ಲೆಕ್ಕ

ಶೇಕಡಾವಾರನ್ನು ಅಭ್ಯರ್ಥಿ ಅರ್ಜಿಯಲ್ಲಿ ಬರೆದಂತೆ ತೆಗೆದುಕೊಳ್ಳಬೇಡಿ. ನಾಲ್ಕೂ ಸೆಮಿಸ್ಟರ್‌ಗಳ ಅಂಕಪಟ್ಟಿ ಮುಂದಿಟ್ಟುಕೊಂಡು ಗಳಿಸಿದ್ದನ್ನೂ ಗರಿಷ್ಠ ಅಂಕವನ್ನೂ ನೀವೇ ಕೂಡಿಸಿ. ಒಟ್ಟು 2400ಕ್ಕೆ 1320 ಬಂದರೆ ಸರಿಯಾಗಿ ಶೇ. 55. 1318 ಬಂದರೆ 54.92. ಇದನ್ನು 55 ಎಂದು ದುಂಡಗೆ ಮಾಡುವ ಅಧಿಕಾರ ಕಾಲೇಜಿಗಿಲ್ಲ. ಕೃಪಾಂಕ ಸೇರಿಸಿ 55 ಮುಟ್ಟಿದ್ದರೂ ನಡೆಯುವುದಿಲ್ಲ. ಕೃಪಾಂಕ ಬಿಟ್ಟು ಲೆಕ್ಕ ಹಾಕಬೇಕೆಂದು ನಿಯಮಾವಳಿಯಲ್ಲೇ ಇದೆ. ಹಾಗಾಗಿ ಅಂಕಪಟ್ಟಿಯಲ್ಲಿ ಅಂಕದ ಪಕ್ಕದಲ್ಲಿರುವ ಸಣ್ಣ ಗುರುತು, ಅಡಿಟಿಪ್ಪಣಿಗಳನ್ನೂ ಓದಬೇಕು.

ಸಿಜಿಪಿಎ ಇದ್ದರೆ ಕೆಲಸ ಹೆಚ್ಚು. ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವ ಪದ್ಧತಿ ಒಂದು ಕಡೆ, ನೇರವಾಗಿ ಹತ್ತರಿಂದ ಗುಣಿಸುವುದು ಇನ್ನೊಂದು ಕಡೆ. 6.0 ಸಿಜಿಪಿಎ ಮೊದಲನೆಯದರಲ್ಲಿ 52.5, ಎರಡನೆಯದರಲ್ಲಿ 60. ಅಂದರೆ ಸೂತ್ರ ಬದಲಾದರೆ ಅರ್ಹತೆಯೇ ಬದಲಾಗುತ್ತದೆ. ಅಂಕಪಟ್ಟಿಯ ಹಿಂಬದಿಯಲ್ಲಿ ಸೂತ್ರ ಅಚ್ಚಾಗಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಮೌಲ್ಯಮಾಪನ ಕುಲಸಚಿವರ ಸಹಿಯ ಪರಿವರ್ತನಾ ಪತ್ರ ತರಿಸಿಕೊಳ್ಳುತ್ತೇನೆ. ಒಂದೇ ವಿಶ್ವವಿದ್ಯಾಲಯದ ಬೇರೆ ಬೇರೆ ವರ್ಷದ ಸ್ಕೀಮ್‌ಗಳಿಗೂ ಸೂತ್ರ ಬೇರೆ ಇರಬಹುದು. ಆದ್ದರಿಂದ ಪತ್ರದಲ್ಲಿ ಸ್ಕೀಮ್‌ನ ವರ್ಷ ನಮೂದಾಗಿರಲೇಬೇಕು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 5 ಸಡಿಲಿಕೆ, ಅಂದರೆ 50 ಸಾಕು. 1991ರ ಸೆಪ್ಟೆಂಬರ್ 19ಕ್ಕೆ ಮೊದಲು ಸ್ನಾತಕೋತ್ತರ ಪದವಿ ಮುಗಿಸಿದ ಪಿಎಚ್‌.ಡಿ.ಧಾರಕರಿಗೂ ಇದೇ ಸಡಿಲಿಕೆ. ಇಲ್ಲಿ ನಮ್ಮ ರಾಜ್ಯದವರು ಸಿಕ್ಕಿಬೀಳುವ ಜಾಗವೊಂದಿದೆ. 2ಎ, 2ಬಿ, 3ಎ, 3ಬಿ ಎಂಬ ವರ್ಗೀಕರಣ ರಾಜ್ಯದ್ದು. ಅದರಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿಲ್ಲ. ನೆಟ್‌ನಲ್ಲಿ ನೋಡುವುದು ಕೇಂದ್ರದ ಪಟ್ಟಿಯನ್ನು. ರಾಜ್ಯದ ಪ್ರಮಾಣಪತ್ರ ಕೈಯಲ್ಲಿದೆಯೆಂದು ನೆಟ್ ಅರ್ಜಿಯಲ್ಲಿ ಒಬಿಸಿ ಎಂದು ತುಂಬಿ, ಆ ಸಡಿಲಿಕೆಯಲ್ಲೇ ತೇರ್ಗಡೆಯಾದವರ ಪ್ರಮಾಣಪತ್ರ ತೊಂದರೆಗೆ ಸಿಲುಕುತ್ತದೆ. ನೆಟ್ ಪ್ರಮಾಣಪತ್ರದಲ್ಲಿ ಅಚ್ಚಾದ ವರ್ಗವನ್ನೂ ಜಾತಿ ಪ್ರಮಾಣಪತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಐದು ನಿಮಿಷದಲ್ಲಿ ತಿಳಿಯುತ್ತದೆ.

ನೆಟ್, ಸೆಟ್ ಪ್ರಮಾಣಪತ್ರದಲ್ಲಿ ಏನು ಓದಬೇಕು

‘ನೆಟ್ ಆಗಿದೆ’ ಎಂಬ ಮಾತು ಈಗ ಸಾಲದು. 2024ರ ಜೂನ್ ಪರೀಕ್ಷೆಯಿಂದ ಫಲಿತಾಂಶ ಮೂರು ಬಗೆ: ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಮತ್ತು ಸಹಾಯಕ ಪ್ರಾಧ್ಯಾಪಕ, ಸಹಾಯಕ ಪ್ರಾಧ್ಯಾಪಕ ಮತ್ತು ಪಿಎಚ್‌.ಡಿ. ಪ್ರವೇಶ, ಪಿಎಚ್‌.ಡಿ. ಪ್ರವೇಶ ಮಾತ್ರ. ಮೂರನೆಯದರಲ್ಲಿ ತೇರ್ಗಡೆಯಾದವರು ಬೋಧಕ ಹುದ್ದೆಗೆ ಅರ್ಹರಲ್ಲ. ಅವರೂ ನೆಟ್ ಅಂಕಪಟ್ಟಿಯನ್ನು ಲಗತ್ತಿಸಿರುತ್ತಾರೆ, ಅವಸರದಲ್ಲಿ ನೋಡಿದರೆ ದಾಟಿಹೋಗುತ್ತದೆ. ಜೆಆರ್‌ಎಫ್‌ಗೆ ಅವಧಿಯ ಮಿತಿ ಇದೆ, ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಇಲ್ಲ. ಹತ್ತು ವರ್ಷ ಹಳೆಯದು ಎಂದು ತಿರಸ್ಕರಿಸುವುದೂ ತಪ್ಪೇ.

ಎಂ.ಎ. ಕೊನೆಯ ವರ್ಷದಲ್ಲಿದ್ದಾಗಲೇ ನೆಟ್ ಬರೆದವರು ಫಲಿತಾಂಶದ ದಿನದಿಂದ ಎರಡು ವರ್ಷದೊಳಗೆ ಬೇಕಾದ ಶೇಕಡಾವಾರಿನೊಂದಿಗೆ ಪದವಿ ಮುಗಿಸಿರಬೇಕು. ಬ್ಯಾಕ್‌ಲಾಗ್ ಉಳಿಸಿಕೊಂಡು ಮೂರನೆಯ ವರ್ಷದಲ್ಲಿ ಮುಗಿಸಿದ್ದರೆ ಆ ನೆಟ್ ಅವರ ಪಾಲಿಗಿಲ್ಲ. ಇದನ್ನು ಹಿಡಿಯಲು ನೆಟ್ ಫಲಿತಾಂಶದ ದಿನಾಂಕವನ್ನೂ ಕೊನೆಯ ಸೆಮಿಸ್ಟರ್ ಅಂಕಪಟ್ಟಿಯ ದಿನಾಂಕವನ್ನೂ ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದರೆ ಸಾಕು.

ಕೆ-ಸೆಟ್ (ಕರ್ನಾಟಕದ ಸೆಟ್) ಬಗ್ಗೆ ಗಡಿ ಭಾಗದ ಕಾಲೇಜುಗಳು ಹೆಚ್ಚು ಎಚ್ಚರ ವಹಿಸಬೇಕು. 2002ರ ಜೂನ್ 1ರಿಂದ ಈಚೆಗೆ ನಡೆದ ಸೆಟ್ ಆಯಾ ರಾಜ್ಯದಲ್ಲಷ್ಟೇ ಚಲಾವಣೆ. ಅದಕ್ಕೂ ಹಿಂದಿನದಕ್ಕೆ ದೇಶವಿಡೀ ಮಾನ್ಯತೆ. ಸೊಲ್ಲಾಪುರದವರು ಮಹಾರಾಷ್ಟ್ರದ ಸೆಟ್ ತಂದರೆ ವಿಜಯಪುರದಲ್ಲಿ ನಡೆಯುವುದಿಲ್ಲ, ನಮ್ಮ ಕೆ-ಸೆಟ್ ಅಲ್ಲಿ ನಡೆಯುವುದಿಲ್ಲ. ಕಾಸರಗೋಡಿನಿಂದ ಬರುವ ಅರ್ಜಿಗಳಲ್ಲಿ ಕೇರಳದ ಸೆಟ್ ಇರುತ್ತದೆ. ಹೆಸರೊಂದೇ ಆದರೂ ಅದು ಅಲ್ಲಿನ ಹೈಯರ್ ಸೆಕೆಂಡರಿ ಶಿಕ್ಷಕರ ಅರ್ಹತಾ ಪರೀಕ್ಷೆ, ಕಾಲೇಜು ಬೋಧನೆಗೆ ಸಂಬಂಧವಿಲ್ಲ. ಕನ್ನಡದಲ್ಲಿ ಚೆನ್ನಾಗಿ ಓದಿಕೊಂಡ ಅಭ್ಯರ್ಥಿಗಳು ಈ ಹೆಸರಿನ ಗೊಂದಲದಿಂದ ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ತಿರಸ್ಕರಿಸುವ ಪತ್ರದಲ್ಲಿ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದರೆ ಮುಂದಿನ ನೆಟ್‌ಗೋ ಕೆ-ಸೆಟ್‌ಗೋ ಕೂರಲು ಅವರಿಗೆ ದಾರಿಯಾಗುತ್ತದೆ.

ವಿಷಯವೂ ಹೊಂದಬೇಕು. ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿಯವರು ವಿಜ್ಞಾನ ವಿಷಯಗಳ ನೆಟ್ ಆದ ಸಿಎಸ್‌ಐಆರ್‌ನ ಜೀವವಿಜ್ಞಾನ ಪತ್ರಿಕೆ ಬರೆದಿರುವುದು ಸರಿಯೇ. ಎಂಬಿಎ ಮಾಡಿ ಮ್ಯಾನೇಜ್‌ಮೆಂಟ್‌ನಲ್ಲಿ ನೆಟ್ ಮಾಡಿಕೊಂಡವರನ್ನು ಬಿ.ಕಾಂ.ಗೆ ತೆಗೆದುಕೊಳ್ಳಬಹುದೇ ಎಂಬ ತಕರಾರು ಮಾತ್ರ ಪ್ರತಿ ವರ್ಷವೂ ಏಳುತ್ತದೆ. ಇದನ್ನು ಕಾಲೇಜು ತಾನೇ ತೀರ್ಮಾನಿಸಬಾರದು. ಜಾಹೀರಾತಿಗೆ ಮೊದಲೇ ಸಂಯೋಜಿತ ವಿಶ್ವವಿದ್ಯಾಲಯಕ್ಕೆ ಬರೆದು ಲಿಖಿತ ಉತ್ತರ ಪಡೆಯಿರಿ. ಬಿಬಿಎ, ಬಿಸಿಎ ಕೋರ್ಸ್‌ಗಳು 2024–25ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಅನುಮೋದನೆಯ ವ್ಯಾಪ್ತಿಗೆ ಬಂದಿರುವುದರಿಂದ ಅವುಗಳ ಕಡತದಲ್ಲಿ ಅದರ ಸೂಚನೆಗಳ ಪ್ರತಿಯನ್ನೂ ಇಡುತ್ತೇನೆ.

ಪಿಎಚ್‌.ಡಿ. ಆಧಾರದ ಮೇಲೆ ಬಂದವರಿಂದ ಘಟಿಕೋತ್ಸವದ ಪ್ರಮಾಣಪತ್ರದ ಜೊತೆಗೆ ಇನ್ನೊಂದು ಕಾಗದ ಬೇಕು: ಯುಜಿಸಿ ನಿಯಮಾವಳಿಯಂತೆ ಪದವಿ ನೀಡಲಾಗಿದೆ ಎಂದು ವಿಶ್ವವಿದ್ಯಾಲಯ ಕೊಡುವ ದೃಢೀಕರಣ. 2009ರ ಜುಲೈ 11ಕ್ಕೆ ಮೊದಲು ನೋಂದಾಯಿಸಿದವರಾದರೆ ಐದು ಷರತ್ತುಗಳನ್ನು ಕುಲಸಚಿವರು ಅಥವಾ ಶೈಕ್ಷಣಿಕ ಡೀನ್ ದೃಢೀಕರಿಸಿರಬೇಕು. ರೆಗ್ಯುಲರ್ ಕ್ರಮದ ಪದವಿ, ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು, ಮುಕ್ತ ವೈವಾ, ಸಂಶೋಧನೆಯಿಂದ ಎರಡು ಪ್ರಕಟಿತ ಲೇಖನ (ಒಂದಾದರೂ ವಿದ್ವಾಂಸರಿಂದ ಪರಿಶೀಲನೆಗೊಂಡ ಪತ್ರಿಕೆಯಲ್ಲಿ), ವಿಚಾರ ಸಂಕಿರಣಗಳಲ್ಲಿ ಎರಡು ಪ್ರಬಂಧ ಮಂಡನೆ. ಮಾರ್ಗದರ್ಶಕರ ಸಹಿ ಇದ್ದರೆ ಸಾಲದು. ಈ ಪತ್ರ ಬರಲು ವಾರಗಳೇ ಹಿಡಿಯುತ್ತವೆ. ಅರ್ಜಿ ಹಾಕುವ ಯೋಚನೆ ಬಂದಾಗಲೇ ಕೇಳಿಡುವುದು ಒಳ್ಳೆಯದು.

ಅನುಭವದ ಲೆಕ್ಕ, ಅಂಕದ ಪಟ್ಟಿ

ಸಂದರ್ಶನಕ್ಕೆ ಕರೆಯುವವರ ಪಟ್ಟಿಗೆ ನಿಯಮಾವಳಿಯ 3ಬಿ ಕೋಷ್ಟಕವಿದೆ, ಒಟ್ಟು 100 ಅಂಕ. ವಿಶ್ವವಿದ್ಯಾಲಯಗಳ 3ಎ ಬೇರೆ, ಅದನ್ನು ಕಾಲೇಜಿಗೆ ಹಚ್ಚಬೇಡಿ. 3ಎಯಲ್ಲಿ ಪಿಎಚ್‌.ಡಿ.ಗೆ 30, 3ಬಿಯಲ್ಲಿ 25. ನೆಟ್‌ಗೆ ಅಲ್ಲಿ 5, ಇಲ್ಲಿ 8. ಒಂದು ಉದಾಹರಣೆ: ಬಿ.ಎ.ಯಲ್ಲಿ ಶೇ. 62 (19 ಅಂಕ), ಎಂ.ಎ.ಯಲ್ಲಿ ಶೇ. 58 (20), ಪಿಎಚ್‌.ಡಿ. (25), ಕೆ-ಸೆಟ್ (5), ಎರಡು ಲೇಖನ (4), ಮೂರೂವರೆ ವರ್ಷ ಬೋಧನೆ (7) ಸೇರಿ 80. ಬಿ.ಎ.ಯಲ್ಲಿ ಶೇ. 81 (21), ಎಂ.ಎ.ಯಲ್ಲಿ ಶೇ. 82 (25), ಜೆಆರ್‌ಎಫ್ (10) ಇರುವ ಹೊಸಬರಿಗೆ 56. ಈ ಅಂಕ ಕರೆಪತ್ರಕ್ಕೆ ಮಾತ್ರ, ಆಯ್ಕೆ ನಡೆಯುವುದು ಸಂದರ್ಶನದಲ್ಲಿ. ಹಾಗಾಗಿ ಕರೆಯುವ ಪಟ್ಟಿಯನ್ನು ತೀರಾ ಮೊಟಕುಗೊಳಿಸಿದರೆ ಎರಡನೆಯಂಥವರು ಬಾಗಿಲಿಗೇ ಬರುವುದಿಲ್ಲ. ನನ್ನ ಮಟ್ಟಿಗೆ ಇದು ಕಾಲೇಜಿಗೇ ನಷ್ಟ.

ಅನುಭವದ ಕಾಲಂನಲ್ಲಿ ಹೆಚ್ಚು ಗೊಂದಲ. ಪಿಎಚ್‌.ಡಿ. ಮಾಡಲು ತೆಗೆದುಕೊಂಡ ಕಾಲ ಬೋಧನಾನುಭವವಲ್ಲ. ಆದರೆ ಕೆಲಸದಲ್ಲಿದ್ದು, ಯಾವ ರಜೆಯನ್ನೂ ತೆಗೆದುಕೊಳ್ಳದೆ ಸಂಶೋಧನೆ ಮಾಡಿದ್ದರೆ ಆ ಸೇವೆ ಲೆಕ್ಕಕ್ಕೆ ಬರುತ್ತದೆ. ಇದನ್ನು ಬಾಯಿಮಾತಿನಲ್ಲಿ ಬಿಡಿಸಲು ಆಗುವುದಿಲ್ಲ. ಹಾಳೆಯ ಹಿಂಬದಿಯಲ್ಲಿ ಅಡ್ಡಗೆರೆಯೊಂದನ್ನು ಎಳೆದು ತಿಂಗಳುಗಳನ್ನು ಗುರುತಿಸಿ, ಮೇಲೆ ಸಂಶೋಧನೆಯ ಅವಧಿ, ಕೆಳಗೆ ಸೇವೆಯ ಅವಧಿ ಬರೆಯಿರಿ. ಪೂರ್ಣಾವಧಿ ಫೆಲೋಶಿಪ್ ಪಡೆದ ತಿಂಗಳುಗಳಲ್ಲೇ ಇನ್ನೊಂದು ಊರಿನ ಕಾಲೇಜಿನಲ್ಲಿ ಪೂರ್ಣಾವಧಿ ಪಾಠ ಮಾಡಿದ ಪ್ರಮಾಣಪತ್ರ ಇದ್ದರೆ ಕಣ್ಣಿಗೇ ಕಾಣುತ್ತದೆ. ಸೇವಾ ಪ್ರಮಾಣಪತ್ರದಲ್ಲಿ ಆರಂಭದ ದಿನ, ಬಿಡುಗಡೆಯ ದಿನ, ವಿಷಯ, ವಾರದ ಗಂಟೆ ಇರಬೇಕು. ಜೊತೆಗೆ ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಅಥವಾ ಪಿಎಫ್ ವಿವರ. ‘ಹಲವು ವರ್ಷಗಳಿಂದ’ ಎಂದು ಬರೆದ ಪ್ರಮಾಣಪತ್ರಕ್ಕೆ ಸೊನ್ನೆ. ಲೇಖನಗಳಿಗೂ ಹಾಗೆಯೇ: ಮಾನ್ಯ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ಅದಕ್ಕೂ ಹಿಂದಿನ ಲೇಖನಕ್ಕೆ ಪ್ರಕಟವಾದ ತಿಂಗಳಲ್ಲಿ ಪತ್ರಿಕೆ ಪಟ್ಟಿಯಲ್ಲಿತ್ತೇ ಎಂಬುದರ ಮುದ್ರಿತ ಪ್ರತಿ ಕೇಳುತ್ತೇನೆ.

ಅತಿಥಿ ಉಪನ್ಯಾಸಕರಿಗೆ ಅರ್ಹತೆ ಸಡಿಲ ಎಂಬ ಭಾವನೆ ಬೇರೂರಿದೆ. 2019ರ ಜನವರಿಯ ಯುಜಿಸಿ ಮಾರ್ಗಸೂಚಿ ಅತಿಥಿ ಅಧ್ಯಾಪಕರಿಗೂ ಕಾಯಂ ಹುದ್ದೆಯ ಅರ್ಹತೆಯನ್ನೇ ಹೇಳಿ, ತರಗತಿಗೆ 1,500 ರೂಪಾಯಿಯಂತೆ ತಿಂಗಳಿಗೆ 50,000ದ ಮಿತಿ ಇಟ್ಟಿತು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರಲ್ಲಿ ಗೌರವಧನ ಪರಿಷ್ಕರಿಸಿದಾಗ ಅರ್ಹತೆ ಇರುವವರು, ಇಲ್ಲದವರು ಎಂದು ಬೇರೆ ಬೇರೆ ದರ ನಿಗದಿಯಾಯಿತು: ಅರ್ಹತೆಯೂ ಐದು ವರ್ಷದ ಸೇವೆಯೂ ಇದ್ದರೆ 32,000, ಎರಡೂ ಇಲ್ಲದಿದ್ದರೆ 26,000. ವರ್ಷಗಟ್ಟಲೆ ಪಾಠ ಹೇಳಿದವರ ಶ್ರಮ ದೊಡ್ಡದು. ಅದೇ ಕಾರಣಕ್ಕೆ, ನೆಟ್ ಇಲ್ಲದವರನ್ನು ತೆಗೆದುಕೊಳ್ಳುವಾಗ ಈ ಸೇವೆ ಮುಂದೆ ಕಾಯಂ ನೇಮಕಾತಿಯಲ್ಲಿ ಲೆಕ್ಕಕ್ಕೆ ಬರದಿರಬಹುದು ಎಂಬುದನ್ನು ಮೊದಲ ದಿನವೇ ಹೇಳಬೇಕು.

ಎಂಜಿನಿಯರಿಂಗ್ ಕಾಲೇಜಿಗೆ ಎಐಸಿಟಿಇಯ 2019ರ ನಿಯಮ. ಬಿ.ಇ. ಮತ್ತು ಎಂ.ಟೆಕ್. ಎರಡೂ ಬೇಕು, ಎರಡರಲ್ಲಿ ಒಂದಾದರೂ ಪ್ರಥಮ ದರ್ಜೆ. ನೆಟ್ ಬೇಡ. ಆದರೆ ಅಲ್ಲೇ ಭೌತಶಾಸ್ತ್ರ, ಗಣಿತ, ಇಂಗ್ಲಿಷ್ ಹೇಳಿಕೊಡುವವರಿಗೆ ಯುಜಿಸಿ ಅರ್ಹತೆಯೇ ಅನ್ವಯ. ಪಾಲಿಟೆಕ್ನಿಕ್‌ಗೆ ಪ್ರಥಮ ದರ್ಜೆಯ ಬಿ.ಇ. ಸಾಕು.

ಗ್ರಂಥಪಾಲಕರು ಮತ್ತು ದೈಹಿಕ ಶಿಕ್ಷಣ ನಿರ್ದೇಶಕರನ್ನು ಬೋಧಕೇತರರೆಂದು ಭಾವಿಸಿ ಹಗುರವಾಗಿ ನೋಡುವವರಿದ್ದಾರೆ. ಇಬ್ಬರಿಗೂ ತಮ್ಮ ವಿಷಯದಲ್ಲಿ ಶೇ. 55ರ ಸ್ನಾತಕೋತ್ತರ ಪದವಿ, ನೆಟ್ ಅಥವಾ ಸೆಟ್ ಅಥವಾ ಪಿಎಚ್‌.ಡಿ. ಬೇಕು. ದೈಹಿಕ ಶಿಕ್ಷಣಕ್ಕೆ ಕ್ರೀಡಾಕೂಟದಲ್ಲಿ ಪ್ರತಿನಿಧಿಸಿದ ದಾಖಲೆ, ಮೇಲೆ ದೇಹದಾರ್ಢ್ಯ ಪರೀಕ್ಷೆ: 30 ವರ್ಷದವರೆಗಿನ ಪುರುಷರು 12 ನಿಮಿಷದಲ್ಲಿ 1800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್. ವಯಸ್ಸು ಹೆಚ್ಚಾದಂತೆ ದೂರ ಕಡಿಮೆ. ಓಡಿಸುವ ಮೊದಲು ವೈದ್ಯರ ಪ್ರಮಾಣಪತ್ರ ಪಡೆದುಕೊಳ್ಳಿ, ಟ್ರ್ಯಾಕನ್ನು ಟೇಪು ಹಿಡಿದು ಅಳೆಯಿರಿ. ಪ್ರಾಂಶುಪಾಲರ ಹುದ್ದೆಗೆ ಪಿಎಚ್‌.ಡಿ., 15 ವರ್ಷದ ಅನುಭವ, 10 ಪ್ರಕಟಣೆ, 110 ಸಂಶೋಧನಾಂಕ. ಅವಧಿ ಐದು ವರ್ಷ.

ಎಲ್ಲ ಮುಗಿದ ಮೇಲೆ ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಇನಿಶಿಯಲ್ ಹಿಂದೆ, ಎಂ.ಎ.ಯಲ್ಲಿ ಮುಂದೆ, ನೆಟ್‌ನಲ್ಲಿ ಅದನ್ನು ಬಿಡಿಸಿ ಬರೆದಿರುತ್ತದೆ. ಎಸ್ಸೆಸ್ಸೆಲ್ಸಿಯ ಹೆಸರನ್ನೇ ಮೂಲವಾಗಿಟ್ಟು, ವ್ಯತ್ಯಾಸಕ್ಕೆ ನೋಟರಿ ಪ್ರಮಾಣಪತ್ರ ಪಡೆಯಿರಿ. ಮೂಲ ದಾಖಲೆಗಳನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಸಹಿ ಹಾಕಬೇಕು. ಆಯ್ಕೆಯಾದವರ ಪದವಿಗಳ ನೈಜತೆ ಪರಿಶೀಲನೆಗೆ ಆಯಾ ವಿಶ್ವವಿದ್ಯಾಲಯಕ್ಕೆ ಶುಲ್ಕದೊಂದಿಗೆ ಪತ್ರ ಹೋಗಬೇಕು. ನೆಟ್ ಇ-ಪ್ರಮಾಣಪತ್ರವನ್ನು ಕ್ಯೂಆರ್ ಕೋಡ್‌ನಿಂದ ನೋಡಬಹುದು, ಹಳೆಯ ಅಚ್ಚಿನ ಪ್ರತಿಯಾದರೆ ಯುಜಿಸಿಯ ನೆಟ್ ಬ್ಯೂರೋಗೆ ಬರೆಯಬೇಕು. ಉತ್ತರ ಬರುವುದು ತಡವಾಗುವುದರಿಂದ ನೇಮಕಾತಿ ಆದೇಶದಲ್ಲಿ ‘ದಾಖಲೆಗಳ ನೈಜತೆಗೆ ಒಳಪಟ್ಟು’ ಎಂಬ ಸಾಲು ಇರಲಿ. ತಿಂಗಳಿಗೊಮ್ಮೆ ನೆನಪೋಲೆ ಕಳಿಸಿ, ಉತ್ತರ ಬಂದ ದಿನ ಅದನ್ನು ಹಾಳೆಯ ಕೊನೆಯ ಸಾಲಿನಲ್ಲಿ ದಾಖಲಿಸಿದ ಮೇಲೆಯೇ ಆ ಕಡತವನ್ನು ಕಟ್ಟಿಡುತ್ತೇನೆ.