ಗುಹೆಯಲ್ಲಿ ಅಡಗಿ ಉಳಿದವರ ಮಾತು: ದಾಖಲಿಸುವುದು ಹೇಗೆ?

1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಜಪಾನಿನ ಓಕಿನಾವಾ ದ್ವೀಪಕ್ಕೆ ಇಳಿಯಿತು. ಜನ ಮಕ್ಕಳುಮರಿ ಕಟ್ಟಿಕೊಂಡು ಗಾಮಾ ಎಂಬ ಸುಣ್ಣಕಲ್ಲಿನ ಗುಹೆಗಳನ್ನು ಹೊಕ್ಕರು. ಆಗ ಎಳೆಯರಾಗಿದ್ದವರಿಗೂ ಈಗ ಎಂಬತ್ತು ದಾಟಿದೆ. ಇಂಥವರ ಮಾತು ರೆಕಾರ್ಡ್ ಮಾಡುವವರು ಜಾಸ್ತಿ ಎಡವುವುದು ಪ್ರಶ್ನೆ ಕೇಳುವಾಗ.

ಮೊದಲು ಓದಿಕೊಳ್ಳಿ. ಓಕಿನಾವಾದ ಯೋಮಿತಾನ್ ಎಂಬ ಹಳ್ಳಿಯಲ್ಲಿ ಒಂದಕ್ಕೊಂದು ಹತ್ತಿರವೇ ಎರಡು ಗುಹೆಗಳಿವೆ. ಶಿಮುಕು ಗಾಮಾದಲ್ಲಿ ಸುಮಾರು 1,000 ಜನರಿದ್ದರು. ಹವಾಯಿಯಲ್ಲಿದ್ದು ಬಂದ ಇಬ್ಬರು ಹೊರಗೆ ಹೋಗಿ ಅಮೆರಿಕನ್ನರ ಜೊತೆ ಮಾತಾಡಿದ್ದರಿಂದ ಅಲ್ಲಿದ್ದವರ ಜೀವ ಉಳಿಯಿತು. ಚಿಬಿಚಿರಿ ಗಾಮಾದಲ್ಲಿ ಸುಮಾರು 140 ಜನ. ಅಮೆರಿಕನ್ನರಿಗೆ ಸೆರೆಸಿಕ್ಕರೆ ಚಿತ್ರಹಿಂಸೆ ಎಂದು ನಂಬಿದ್ದವರಲ್ಲಿ 80ಕ್ಕೂ ಹೆಚ್ಚು ಮಂದಿ ತಮ್ಮ ಕೈಯಿಂದ, ಇಲ್ಲವೇ ಮನೆಯವರ ಕೈಯಿಂದ ಸತ್ತರು. ಉಳಿದವರು 1980ರ ದಶಕದವರೆಗೆ ಬಾಯಿ ಬಿಡಲಿಲ್ಲ. ಎದುರಿಗಿರುವವರು ಯಾವ ಗುಹೆಯಲ್ಲಿದ್ದರು ಎಂದು ತಿಳಿಯದೆ ಮಾತಿಗೆ ಕೂರಬೇಡಿ.

ಒಪ್ಪಿಗೆ ಬರೆಸಿಕೊಳ್ಳಿ. ಫ್ಯಾನ್ ನಿಲ್ಲಿಸಿ. ಎರಡು ರೆಕಾರ್ಡರ್ ಇಡಿ, ಧ್ವನಿಯನ್ನು ಕುಗ್ಗಿಸದ ವೇವ್ (WAV) ಫೈಲ್‌ನಲ್ಲೇ ಉಳಿಸಿ. ಸದ್ದು ಅಳಿಸುವ ಆ್ಯಪ್‌ಗಳನ್ನು ಮುಟ್ಟಲೇಬೇಡಿ, ಅವು ನಿಟ್ಟುಸಿರನ್ನೂ ನುಂಗಿಬಿಡುತ್ತವೆ.

ಈಗ ಪ್ರಶ್ನೆಗಳು. "ಆಗ ನಿಮಗೆ ಹೇಗನಿಸಿತು?" ಎಂದು ಶುರು ಮಾಡಿದರೆ "ತುಂಬ ಭಯ ಆಗಿತ್ತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಯುದ್ಧಕ್ಕೆ ಮುಂಚಿನ ಮನೆ, ಗೆಣಸಿನ ಹೊಲ, ಶಾಲೆಯಿಂದ ಆರಂಭಿಸಿ. ಆಮೇಲೆ ಒಂದೊಂದಾಗಿ ಕೇಳಿ: ಏನು ಹೊತ್ತುಕೊಂಡು ಹೋದಿರಿ? ನೀರು ಎಲ್ಲಿ ಸಿಗುತ್ತಿತ್ತು? ಪಕ್ಕದಲ್ಲಿ ಯಾರು ಕೂತಿದ್ದರು? ಒಳಗೆ ಗವ್ವೆನ್ನುವ ಕತ್ತಲು. ಕಂಡದ್ದಕ್ಕಿಂತ ಕೇಳಿದ್ದು, ಮೂಗಿಗೆ ಬಡಿದದ್ದು ನೆನಪಿರುತ್ತದೆ.

ಕಾಗದ, ಪೆನ್ಸಿಲ್ ಕೊಟ್ಟು ಗುಹೆಯ ನಕ್ಷೆ ಬರೆಸಿ. ನನ್ನ ಮಟ್ಟಿಗೆ ಇದು ಬಿಡಲೇಬಾರದ ಹೆಜ್ಜೆ. ಅವರು ಬೆರಳಿಟ್ಟು "ಅಮ್ಮ ಇಲ್ಲಿದ್ದಳು" ಅಂದರೆ ನೀವು ಬಾಯಿಬಿಟ್ಟು "ಗುಹೆ ಬಾಯಿಯ ಎಡಕ್ಕಾ?" ಎಂದು ಕೇಳಿ. ಇಲ್ಲದಿದ್ದರೆ ರೆಕಾರ್ಡಿಂಗ್ ತುಂಬ ಬರೀ "ಇಲ್ಲಿ, ಅಲ್ಲಿ" ಉಳಿಯುತ್ತದೆ, ಮುಂದೆ ಯಾರಿಗೂ ಅರ್ಥವಾಗದು.

ಅಳುವ ಕೂಸಿನ ಸದ್ದಡಗಿಸಿ ಎಂದು ಜಪಾನಿ ಸೈನಿಕರು ತಾಯಂದಿರನ್ನು ಗದರಿದ ಗುಹೆಗಳಿವೆ. ಅದನ್ನು ನೀವಾಗಿ ಕೆದಕಬೇಡಿ. ತಾವಾಗಿಯೇ ಅಲ್ಲಿಗೆ ಬಂದು ಮಾತು ನಿಂತರೆ ಸುಮ್ನೆ ಕೂತಿರಿ. "ಪರವಾಗಿಲ್ಲ, ಬಿಡಿ" ಎನ್ನುವುದು ಸಮಾಧಾನವಲ್ಲ, ಬಾಗಿಲು ಹಾಕಿದ ಹಾಗೆ. ನಿಲ್ಲಿಸೋಣ ಎಂದು ಅವರು ಹೇಳಿದರೆ ಮಾತ್ರ ನಿಲ್ಲಿಸಿ. ತಾರೀಕು ತಪ್ಪಿದರೂ ತಿದ್ದಬೇಡಿ, ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ, ಸಾಕು.

ಬರಹಕ್ಕಿಳಿಸುವಾಗ ಅವರ ಆಡುಮಾತು ಹಾಗೇ ಇರಲಿ. ಯುದ್ಧದ ವೇಳೆ ಓಕಿನಾವಾದ ನುಡಿ ಆಡಿದವರನ್ನು ಬೇಹುಗಾರರೆಂದು ಕಾಣುವಂತೆ ಜಪಾನಿ ಸೇನೆಯೇ ಆದೇಶ ಹೊರಡಿಸಿತ್ತು. ಇಷ್ಟು ವರ್ಷದ ಮೇಲೆ ನಾವೂ ಅದನ್ನು ತಿದ್ದಿ ಅಳಿಸುವುದು ಸರಿಯಲ್ಲ, ಅಲ್ವಾ? ಆ ನುಡಿ ಬಲ್ಲವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡವೆಂದ ಸಾಲು ತೆಗೆಯಿರಿ. ಜೂನ್ 23ರ ಆಸುಪಾಸು ಹೋಗಬೇಡಿ. ಅದು ಅಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ, ಆ ಹೊತ್ತಿನಲ್ಲಿ ಅವರನ್ನು ಮನೆಯವರೊಂದಿಗೆ ಬಿಡಿ.