ಒರೆಸಿದ ನೆಲ ಯಾಕೆ ಅಂಟುತ್ತದೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುವವರ ಕಿವಿಗೆ ದಿನಾ ಬೀಳುವ ಮಾತು ಇದು: "ಈಗ ತಾನೇ ಒರೆಸಿದ್ದಾರೆ, ಕಾಲಿಟ್ಟರೆ ಅಂಟುತ್ತೆ." ಇಂಥ ಕಡೆ ನಾನು ಮೊದಲು ನೋಡುವುದು ಬಕೆಟ್ಟಿನ ನೀರನ್ನು. ನೆಲ ಒರೆಸುವ ಲಿಕ್ವಿಡ್ ಜಾಸ್ತಿ ಬಿದ್ದಿರುತ್ತದೆ, ಇಲ್ಲವೇ ನೀರು ಕಪ್ಪಾಗಿದ್ದರೂ ಬದಲಿಸಿರುವುದಿಲ್ಲ, ಇಲ್ಲವೇ ಮಾಪು ಹಿಂಡಿದ್ದು ಸಾಲದಾಗಿರುತ್ತದೆ. ಘಮ ಬರಲಿ ಅಂತ ಸುರಿದ ಲಿಕ್ವಿಡ್ ನೆಲದ ಮೇಲೆ ತೆಳ್ಳಗೆ ಪೊರೆಯಾಗಿ ಕೂರುತ್ತದೆ, ಮೇಲೆ ಬಿದ್ದ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ನಾನು 5 ಲೀಟರ್ ನೀರಿಗೆ 20 ಮಿ.ಲೀ. ದಾಟಿಸುವುದಿಲ್ಲ, ಬಾಟಲಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಬೇಕು. ಆಗಲೇ ಅಂಟಾಗಿರುವ ನೆಲಕ್ಕೆ ಎರಡು ದಿನ ಬರೀ ಉಗುರುಬೆಚ್ಚಗಿನ ನೀರಲ್ಲಿ ಒರೆಸಿದರೆ ಸಾಕು, ಪೊರೆ ಬಿಡುತ್ತದೆ.

ಬಕೆಟ್ ಎರಡು ಬೇಕು. ಒಂದರಲ್ಲಿ ಲಿಕ್ವಿಡ್ ಹಾಕಿದ ನೀರು, ಇನ್ನೊಂದರಲ್ಲಿ ಜಾಲಿಸಲು ಬರೀ ನೀರು. ಕೊಳೆ ಮಾಪನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಲಿಕ್ವಿಡ್ ನೀರಿಗೆ ಅದ್ದಬೇಕು. ಒಂದೇ ಬಕೆಟ್ಟಿನಲ್ಲಿ ಮಾಡಿದರೆ ಮೂರನೇ ಕೋಣೆಗೆ ಹೋಗುವಷ್ಟರಲ್ಲಿ ಹಾಲ್‌ನ ಕೊಳೆಯನ್ನು ಬೆಡ್‌ರೂಮಿಗೆ ಬಳಿದಂತಾಗುತ್ತದೆ. ಮನೆಯಲ್ಲಿ ಎರಡು ಬಕೆಟ್ಟಿನ ಟ್ರಾಲಿ ಇಲ್ಲದಿದ್ದರೆ ಹಳೆ ಪೇಂಟ್ ಬಕೆಟ್ ಆದರೂ ಆದೀತು. ಬಕೆಟ್ ತುಂಬ ತುಂಬಬೇಡಿ. 15 ಲೀಟರ್ ಅಂದರೆ 15 ಕಿಲೋ. ಬಗ್ಗಿ ಎತ್ತಿದರೆ ಸೊಂಟಕ್ಕೆ ಬರುತ್ತದೆ.

ಮಾಪಿನ ಆಯ್ಕೆಗೆ ಬಂದರೆ, ಉದ್ದ ಕಾರಿಡಾರ್, ಪಾರ್ಕಿಂಗ್, ಕಲ್ಯಾಣ ಮಂಟಪದಂಥ ಜಾಗಕ್ಕೆ ಹತ್ತಿ ನೂಲಿನ ಕೆಂಟಕಿ ಮಾಪ್, ಜೊತೆಗೆ ಮಾಪು ಹಿಂಡುವ ರಿಂಗರ್ ಇರುವ ಟ್ರಾಲಿ. 350ರಿಂದ 400 ಗ್ರಾಂ ತೂಕದ್ದು ಸರಿ; ಅದಕ್ಕಿಂತ ಭಾರದ್ದು ನೆನೆದ ಮೇಲೆ ಹೆಗಲಿಗೆ ಶಿಕ್ಷೆ. ಹೊಸ ಹತ್ತಿ ಮಾಪು ಮೊದಲ ದಿನ ನೀರನ್ನೇ ಹೀರುವುದಿಲ್ಲ, ನೂಲಿನ ತುಣುಕು ಬೇರೆ ಉದುರಿಸುತ್ತದೆ. ರಾತ್ರಿ ನೆನೆಹಾಕಿ, ಬೆಳಗ್ಗೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿಯೇ ಕೆಲಸಕ್ಕೆ ತೆಗೆಯಬೇಕು. ಮನೆಗೆ ಮೈಕ್ರೋಫೈಬರ್ ಸಾಕು: ಮಂಚದ ಕೆಳಗೆ ಹೋಗಲು ಫ್ಲ್ಯಾಟ್ ಮಾಪ್, ಉಳಿದ ಕಡೆಗೆ ಬಕೆಟ್ಟಿನ ಬುಟ್ಟಿಯಲ್ಲಿ ತಿರುಗಿಸಿ ಹಿಂಡುವ ಸ್ಪಿನ್ ಮಾಪ್. ಕೋಲು ನಿಲ್ಲಿಸಿದರೆ ಗಲ್ಲದ ಮಟ್ಟಕ್ಕೆ ಬರಬೇಕು. ಗಿಡ್ಡ ಕೋಲು ಹಿಡಿದು ಬೆನ್ನು ಬಗ್ಗಿಸಿ ವರ್ಷಗಟ್ಟಲೆ ಒರೆಸುವವರನ್ನು ನೋಡಿ ನೋಡಿ, ಹೆಚ್ಚು ದುಡ್ಡು ಕೊಟ್ಟಾದರೂ ಉದ್ದ ಕೋಲು ತೆಗೆಸುತ್ತೇನೆ.

ಸ್ಪಿನ್ ಮಾಪು ಕೆಟ್ಟಿತು ಅಂತ ಎಸೆಯುವ ಮುಂಚೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ತಿಳಿದಿರಲಿ. ಕೋಲಿನೊಳಗೆ ತಿರುಚಿದ ಲೋಹದ ಪಟ್ಟಿ, ಅದು ಹಾದುಹೋಗುವ ಪ್ಲಾಸ್ಟಿಕ್ ನಟ್. ಮೇಲಿಂದ ಒತ್ತಿದಾಗ ಆ ತಿರುಪೇ ತಲೆಯನ್ನು ಬುಗುರಿಯ ಹಾಗೆ ತಿರುಗಿಸುತ್ತದೆ. ಒತ್ತಿದರೂ ತಿರುಗದಿದ್ದರೆ ಮೊದಲು ಕೋಲಿನ ಲಾಕ್ ಬಿಚ್ಚಿದೆಯಾ ನೋಡಿ. ಬಿಚ್ಚಿದ್ದರೂ ಕೋಲು ಸುಮ್ಮನೆ ಕೆಳಗೆ ಜಾರುತ್ತಿದ್ದರೆ ನಟ್ ಸವೆದಿದೆ; ರಿಪೇರಿ ಇಲ್ಲ, ಕೋಲು ಮಾತ್ರ ಬೇರೆ ತಂದರೆ ಆಯಿತು. ಬುಟ್ಟಿ ಓಲಾಡುತ್ತಾ ಕಿರುಗುಟ್ಟಿದರೆ ಬುಡದ ಕಡ್ಡಿಗೆ ಕೂದಲು ಸುತ್ತಿಕೊಂಡಿರುತ್ತದೆ. ಬುಟ್ಟಿಯನ್ನು ಮೇಲಕ್ಕೆಳೆದು, ಕೂದಲನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಒಂದು ತೊಟ್ಟು ಎಣ್ಣೆ ಬಿಡಿ. ಬಟ್ಟೆ ಹಿಂಡಿದಂತೆ ಆಗದಿದ್ದರೆ ನೀರು ಬಕೆಟ್ಟಿನ ಗೆರೆ ದಾಟಿದೆ ಎಂದರ್ಥ: ಬುಟ್ಟಿಯ ಬುಡ ನೀರಲ್ಲಿ ಮುಳುಗಿದ್ದರೆ ಎಷ್ಟು ತಿರುಗಿಸಿದರೂ ಒದ್ದೆಯೇ. ಕೋಲನ್ನು ಓರೆಯಾಗಿ ಒತ್ತುವುದು ಎಲ್ಲರೂ ಮಾಡುವ ತಪ್ಪು, ಪಟ್ಟಿ ಸೊಟ್ಟಗಾಗುವುದು ಅದರಿಂದಲೇ. ರೀಫಿಲ್, ಅಂದರೆ ಕೋಲಿನ ತುದಿಯ ಬಟ್ಟೆ, ಪದೇ ಪದೇ ಕಳಚಿಕೊಂಡರೆ ಅದನ್ನು ನೆಲದ ಮೇಲೆ ಅಂಗಾತ ಇಟ್ಟು, ಕೋಲಿನ ತಟ್ಟೆಯನ್ನು ನೆಟ್ಟಗೆ ಕೂರಿಸಿ ಪಾದದಿಂದ ಒತ್ತಿ, 'ಟಕ್' ಅನ್ನಬೇಕು. ಅನ್ನದಿದ್ದರೆ ತಟ್ಟೆಯ ಅಂಚು ಬಿರುಕು ಬಿಟ್ಟಿದೆಯಾ ನೋಡಿ.

ಎಷ್ಟು ಹಿಂಡಬೇಕು ಎಂಬುದಕ್ಕೆ ನನ್ನ ಲೆಕ್ಕ ಸರಳ. ಮಾಪನ್ನು ಎತ್ತಿ ಹಿಡಿದು ಇಪ್ಪತ್ತು ಎಣಿಸಿ. ಒಂದು ಹನಿಯೂ ಬೀಳಬಾರದು. ಹಾಗೆ ಹಿಂಡಿದ ಮಾಪಿನ ಗುರುತು ವಿಟ್ರಿಫೈಡ್ ಟೈಲಿನ ಮೇಲೆ ಫ್ಯಾನ್ ಕೆಳಗೆ ಎರಡು ಮೂರು ನಿಮಿಷದಲ್ಲಿ ಆರುತ್ತದೆ. ಜಾರಿ ಬೀಳುವುದು ಈ ಒದ್ದೆಯಲ್ಲೇ, ಅದರಲ್ಲೂ ವಯಸ್ಸಾದವರು. ಕಾರಿಡಾರನ್ನು ಉದ್ದಕ್ಕೂ ಎರಡು ಭಾಗ ಮಾಡಿ, ಒಂದು ಬದಿ ಆರಿದ ಮೇಲೆ ಇನ್ನೊಂದು ಬದಿ ಒರೆಸಿದರೆ ಓಡಾಡಲು ಜಾಗ ಇರುತ್ತದೆ. ಮೆಟ್ಟಿಲಿಗೂ ಇದೇ ಕ್ರಮ. ಹಳದಿ ಬೋರ್ಡ್ ಇಡುವುದು ಒರೆಸುವ ಮುಂಚೆ, ಮುಗಿದ ಮೇಲಲ್ಲ. ಒಳಗಿನ ಮೂಲೆಯಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಾಗಿಲಿಗೆ ಬರುವುದು, ಕೋಲನ್ನು ಇಂಗ್ಲಿಷ್ 8ರ ಅಂಕಿಯಂತೆ ಆಡಿಸುವುದು. ಮುಂದೆ ತಳ್ಳಿದರೆ ಕೊಳೆಯೂ ಮುಂದೆ ಹೋಗುತ್ತದೆ. ಟಿ.ವಿ. ಕೆಳಗೆ ನೆಲದ ಮೇಲಿರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಸ್ವಿಚ್ ಆಫ್ ಮಾಡಿ ಮೇಲಕ್ಕೆತ್ತಿಟ್ಟೇ ಶುರುಮಾಡಿ.

ಹಬ್ಬದ ಮರುದಿನದ ಹೊಸ್ತಿಲು ಬೇರೆಯದೇ ಕತೆ. ರಂಗೋಲಿ ಪುಡಿ ಕಲ್ಲಿನ ಪುಡಿ. ಒದ್ದೆ ಮಾಪು ತಾಗಿದರೆ ಕೆಸರಾಗಿ, ಆರಿದ ಮೇಲೆ ಬಿಳಿ ಮಸುಕು ನಿಲ್ಲುತ್ತದೆ. ಒಣಗಿರುವಾಗಲೇ ಮೆತ್ತನೆ ಪೊರಕೆಯಿಂದ ಮೊರಕ್ಕೆ ತೆಗೆಯಬೇಕು. ಕುಂಕುಮವೂ ಅಷ್ಟೇ: ನೀರು ಬಿದ್ದರೆ ಬಣ್ಣ ಹರಡಿ ಮೊಸಾಯಿಕ್, ಮಾರ್ಬಲ್ಲಿನ ಸಂದಿಗೆ ಇಳಿಯುತ್ತದೆ. ದೀಪದ ಎಣ್ಣೆ ಚೆಲ್ಲಿದ್ದರೆ ಮೊದಲು ಅಕ್ಕಿ ಹಿಟ್ಟೋ ಹಳೆ ಪೇಪರೋ ಹಾಕಿ ಹೀರಿಸಿ, ಪಾತ್ರೆ ಸೋಪಿನ ಬಿಸಿನೀರಲ್ಲಿ ಒರೆಸಿ, ಕೊನೆಗೆ ಬರೀ ನೀರು. ನೇರವಾಗಿ ಮಾಪು ಹಾಕಿದರೆ ಎಣ್ಣೆ ಮನೆಯಿಡೀ ಓಡಾಡುತ್ತದೆ.

ನೀರು ಉಳಿಸಲು ಆರ್‌ಒ ಮೆಷಿನ್ನಿನ ವೇಸ್ಟ್ ನೀರಲ್ಲಿ ನೆಲ ಒರೆಸುವವರು ಬಹಳ. ಒಳ್ಳೆಯದೇ, ಆದರೆ ಆ ನೀರಲ್ಲಿ ಉಪ್ಪಿನಂಶ ನಲ್ಲಿ ನೀರಿಗಿಂತ ಜಾಸ್ತಿ. ಕಪ್ಪು ಗ್ರಾನೈಟ್, ಕಡು ಬಣ್ಣದ ಟೈಲಿನ ಮೇಲೆ ಬಿಳಿ ಗೆರೆ ಬಿಡುತ್ತದೆ. ಬಾಲ್ಕನಿಗೆ, ಪಾರ್ಕಿಂಗಿಗೆ ಇಟ್ಟುಕೊಳ್ಳಿ. ಆ ಬಿಳಿ ಗೆರೆ ತೆಗೆಯಲು ಆಸಿಡ್, ನಿಂಬೆರಸ, ವಿನಿಗರ್ ಅಂತ ಹೋಗಬೇಡಿ. ಮಾರ್ಬಲ್, ಮೊಸಾಯಿಕ್, ಕೆಂಪು ಗಾರೆ ನೆಲ ಎಲ್ಲದರಲ್ಲೂ ಹುಳಿ ತಿನ್ನುವ ಅಂಶವಿದೆ. ಹೊಳಪು ಒಮ್ಮೆ ಹೋದರೆ ಪಾಲಿಶ್‌ನವರನ್ನೇ ಕರೆಸಬೇಕು.

ಬ್ಲೀಚ್ ದಿನಾ ಬೇಡ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ, ಮೊದಲು ಗಲೀಜು ತೆಗೆದು ಸೋಪಿನಲ್ಲಿ ತೊಳೆದ ಮೇಲೆ, ಶೇಕಡಾ 5ರ ಹೈಪೋಕ್ಲೋರೈಟನ್ನು, ಅಂದರೆ ದ್ರವ ಬ್ಲೀಚನ್ನು, ಲೀಟರ್ ನೀರಿಗೆ 20 ಮಿ.ಲೀ. ಬೆರೆಸಿ ಹತ್ತು ನಿಮಿಷ ಒದ್ದೆಯಾಗಿ ಬಿಡಿ. ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ. ಅಂದಿನದು ಅಂದಿಗೇ, ಬೆರೆಸಿಟ್ಟದ್ದರ ಸತ್ವ ಇಳಿಯುತ್ತದೆ. ಬ್ಲೀಚ್ ಮತ್ತು ಟಾಯ್ಲೆಟ್ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆಂದು ಬಹಳ ಜನಕ್ಕೆ ಗೊತ್ತು, ಬಾಟಲಿಗಳನ್ನು ಬೇಕೆಂದೇ ಬೆರೆಸುವವರು ಕಡಿಮೆ. ಬೆರೆಸುವುದು ಮಾಪು. ಆಸಿಡ್ ಹಾಕಿದ ಬಚ್ಚಲನ್ನು ಒರೆಸಿ, ಅದೇ ಮಾಪನ್ನು ತಂದು ಬ್ಲೀಚ್ ಬಕೆಟ್ಟಿಗೆ ಅದ್ದುತ್ತಾರೆ! ಅದಕ್ಕೇ ಬಚ್ಚಲಿಗೆ ಕೆಂಪು, ಅಡುಗೆಮನೆಗೆ ಹಸಿರು, ಉಳಿದದ್ದಕ್ಕೆ ನೀಲಿ ಅಂತ ಮಾಪು, ಬಕೆಟ್ ಎರಡನ್ನೂ ಬೇರೆ ಮಾಡಿದ್ದೇವೆ. ಫಿನಾಯಿಲನ್ನು ಕುಡಿಯುವ ನೀರಿನ ಹಳೆ ಬಾಟಲಿಗೆ ತುಂಬಿಸಿಡುವುದನ್ನು ಕಂಡರೆ ಅಲ್ಲೇ ಚೆಲ್ಲಿಸುತ್ತೇನೆ.

ಕೆಲಸ ಮುಗಿದ ಮೇಲೆ ಮಾಪು ಬಕೆಟ್ಟಿನಲ್ಲಿ ನಿಂತಿರಬಾರದು, ಮರುದಿನದ ಮುಗ್ಗಲು ವಾಸನೆ ಅಲ್ಲಿಂದಲೇ. ತೊಳೆದು, ಹಿಂಡಿ, ಎಳೆ ಬಿಡಿಸಿ, ನೆಲಕ್ಕೆ ತಾಗದಂತೆ ಗೂಟಕ್ಕೆ ತೂಗುಹಾಕಿ. ರೀಫಿಲ್ ಎರಡಿದ್ದರೆ ಒಂದು ಪೂರ್ತಿ ಒಣಗುವವರೆಗೆ ಇನ್ನೊಂದು ದುಡಿಯುತ್ತದೆ. ಮೈಕ್ರೋಫೈಬರಿಗೆ ಬ್ಲೀಚ್ ಬೇಡ, ಕಂಫರ್ಟ್‌ನಂಥ ಸಾಫ್ಟ್‌ನರ್ ಅಂತೂ ಬೇಡವೇ ಬೇಡ. ಎಳೆಗೆ ಜಿಡ್ಡು ಕೂತು ನೀರು ಹೀರುವುದೇ ನಿಲ್ಲುತ್ತದೆ. ಹತ್ತಿ ಬಟ್ಟೆ ಜೊತೆ ಮೆಷಿನ್ನಿಗೆ ಹಾಕಿದರೆ ಅದರ ನಾರೆಲ್ಲ ಇದಕ್ಕೇ ಅಂಟಿಕೊಳ್ಳುತ್ತದೆ. ಒಣಗಿದ ರೀಫಿಲ್ ಮುಟ್ಟಿದರೆ ತೆಂಗಿನ ನಾರಿನಂತೆ ಗಡುಸಾಗಿದ್ದರೆ ಅದರ ಆಯಸ್ಸು ಮುಗಿಯಿತು. ಬಾಲ್ಕನಿಗೆ ಇಳಿಸಬಹುದು, ಆದರೆ ಬಾಲ್ಕನಿಗೆ ಹೋದದ್ದು ಮತ್ತೆ ಒಳಗೆ ಬರಬಾರದು.