ರಸಮೇವಿನ ಬೇಲ್: ಗಾಳಿ ನುಗ್ಗದಂತೆ ಕಟ್ಟುವುದು ಹೇಗೆ?

ಕಲಬುರಗಿ ಕಡೆ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬಣವಿಯಲ್ಲಿ ಕಣಿಕಿ ಇದ್ದರೂ ಹಸಿ ಮೇವಿಲ್ಲದೆ ಎಮ್ಮೆ ಹಾಲು ಇಳಿಸುತ್ತದೆ. ಮಳೆಗಾಲದ ಗೋವಿನಜೋಳವನ್ನು ರಸಮೇವು (ಸೈಲೇಜ್, ಅಂದರೆ ಗಾಳಿ ಸೇರದಂತೆ ಹುಳಿ ಬರಿಸಿ ಕಾಪಿಡುವ ಹಸಿ ಮೇವು) ಮಾಡಿ ಬೇಲ್ (ಒತ್ತಿ ಕಟ್ಟಿದ ಮೇವಿನ ಗಂಟು) ಕಟ್ಟಿಟ್ಟವರಿಗೆ ಆ ಚಿಂತೆ ಕಡಿಮೆ. ಬೇಲ್ ಕಟ್ಟುವ ಯಂತ್ರವಾದ ಬೇಲರ್ ಮಾಡುವುದು ಮೇವಿನೊಳಗಿನ ಗಾಳಿ ಹಿಂಡುವ ಕೆಲಸ. ಗಾಳಿ ಉಳಿದ ಕಡೆ ಬೂಸ್ಟು ಹಿಡಿಯುತ್ತದೆ.

ಮೊದಲು ಹದ ನೋಡಿ. ತೆನೆ ಮುರಿದರೆ ಕಾಳಿನ ಹಾಲುಗೆರೆ (ಗಟ್ಟಿಯಾದ ಭಾಗಕ್ಕೂ ಹಾಲಿನ ಭಾಗಕ್ಕೂ ನಡುವಿನ ಗೆರೆ) ಅರ್ಧಕ್ಕೆ ಇಳಿದಿರಬೇಕು. ಮೇವನ್ನು 1–2 ಸೆಂ.ಮೀ. ತುಂಡು ಮಾಡಿ, ಒಂದು ಹಿಡಿ ತೆಗೆದು ಅರ್ಧ ನಿಮಿಷ ಹಿಂಡಿ. ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚು, ಕೈ ಬಿಟ್ಟ ಕೂಡಲೇ ಉದುರಿದರೆ ಒಣಗಿದೆ. ಮುದ್ದೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈ ಬರೀ ತೇವವಾದರೆ ಸರಿಯಾದ ಹದ.

ಟ್ರ್ಯಾಕ್ಟರ್‌ಗೆ ಜೋಡಿಸುವ ಬೇಲರ್ ಆದರೆ ಸಾಮಾನ್ಯವಾಗಿ ಪಿಟಿಒ (ಟ್ರ್ಯಾಕ್ಟರ್‌ನಿಂದ ಯಂತ್ರಕ್ಕೆ ಶಕ್ತಿ ಕೊಡುವ ತಿರುಗುವ ಶಾಫ್ಟ್) ವೇಗ ನಿಮಿಷಕ್ಕೆ 540 ಸುತ್ತು. ಖಾಲಿ ಯಂತ್ರವನ್ನು ನಿಧಾನವಾಗಿ ಶುರು ಮಾಡಿ, ವೇಗ ಬಂದ ಮೇಲೆ ಮೇವು ಕೊಡಿ. ಒಮ್ಮೆಲೇ ಸುರಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಎಂಜಿನ್ ಆರಿಸಿ, ಕೀಲಿ ಕಿಸೆಗೆ ಹಾಕಿಕೊಂಡು, ಎಲ್ಲ ತಿರುಗುವುದು ನಿಂತ ಮೇಲಷ್ಟೇ ಕೈ ಹಾಕಿ. ಧೋತರದ ಚುಂಗು, ಹೆಗಲ ಟವೆಲ್, ಸೀರೆ ಸೆರಗು ಶಾಫ್ಟ್ ಹತ್ತಿರ ಬೇಡವೇ ಬೇಡ. ಒಂದು ಕ್ಷಣ ಸಾಕು, ತೋಳೇ ಹೋಗುತ್ತದೆ.

ಕಟ್ಟಿದ ಬೇಲ್‌ಗೆ ಅಂದೇ ಪ್ಲಾಸ್ಟಿಕ್ ಸುತ್ತಿ. ನಾಲ್ಕು ಪದರ ಸಾಲಬಹುದು, ಆದರೆ ನಮ್ಮ ಬಿಸಿಲಿಗೂ ಗೋವಿನಜೋಳದ ಗಟ್ಟಿ ದಂಟಿಗೂ ಆರು ಪದರ ಹಾಕುವುದೇ ಒಳ್ಳೆಯದು ಎನ್ನುತ್ತೇನೆ. ಮೊದಲ ವರ್ಷ ನಾನು ಬೇಲ್‌ಗಳನ್ನು ತೊಗರಿ ಕೊಯ್ದ ಹೊಲದಲ್ಲೇ ಉರುಳಿಸಿದ್ದೆ. ತೊಗರಿ ಕೂಳೆ ಸೂಜಿಯಂತೆ ಚುಚ್ಚಿತ್ತು. ಎರಡು ತಿಂಗಳ ನಂತರ ಬಿಚ್ಚಿದರೆ ಪ್ರತಿ ತೂತಿನ ಸುತ್ತ ಬಿಳಿ ಬೂಸ್ಟು. ಈಗ ಸಮ ಮಾಡಿದ ನೆಲ, ನೆರಳು, ಸುತ್ತ ಇಲಿ ಅಡಗಲು ಕಸವಿಲ್ಲದ ಜಾಗ ನೋಡಿ ಇಡುತ್ತೇನೆ. ವಾರಕ್ಕೊಮ್ಮೆ ಸುತ್ತು ಹಾಕಿ, ತೂತು ಕಂಡರೆ ಸೈಲೇಜ್ ಟೇಪ್ ಹಚ್ಚುತ್ತೇನೆ.

ಯಂತ್ರದ ಆರೈಕೆಯಲ್ಲಿ ಹೆಚ್ಚಿನವರು ಮರೆಯುವುದು ತೊಳೆಯುವುದನ್ನು. ಮೇವಿನ ರಸ ಹುಳಿಯಾಗಿ ಕಬ್ಬಿಣ ತಿನ್ನುತ್ತದೆ. ಸಂಜೆ ಕೆಲಸ ಮುಗಿದ ಕೂಡಲೇ ಒಳಗಿನ ಮೇವು ಕೆರೆದು, ತೊಳೆದು, ಒಣಗಿಸಿ. ಬೆಳಿಗ್ಗೆ ಗ್ರೀಸ್ ಹೊಡೆಯಿರಿ, ಚೈನು ಬೆಲ್ಟು ಸಡಿಲಾಗಿವೆಯೇ ನೋಡಿ. ಯಂತ್ರ ನಿಲ್ಲಿಸಿದಾಗ ಒಂದು ಬೇರಿಂಗ್ ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅದರ ಆಯುಷ್ಯ ಮುಗಿಯುತ್ತಿದೆ ಎಂದೇ ತಿಳಿಯಿರಿ. ಹಂಗಾಮಿನ ನಡುವೆ ಕೈಕೊಡುವ ಮುಂಚೆ ಬದಲಿಸಿ.

ಸುಮಾರು 45 ದಿನ ಬಿಟ್ಟು ಬೇಲ್ ಬಿಚ್ಚಬಹುದು. ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇದ್ದರೆ ಚೆನ್ನಾಗಿ ಬಂದಿದೆ. ಬಿಚ್ಚಿದ್ದನ್ನು ಬೇಸಿಗೆಯಲ್ಲಿ ಎರಡು ದಿನದೊಳಗೆ ಮುಗಿಸಬೇಕು. ಹಾಗಾಗಿ ಎರಡು ಮೂರು ದನ ಇರುವವರಿಗೆ 50–60 ಕಿಲೋದ ಸಣ್ಣ ಬೇಲೇ ಅನುಕೂಲ. ಬೂಸ್ಟು ಹಿಡಿದ ಭಾಗ ತಿಪ್ಪೆಗೆ ಹಾಕಿ, ಗಬ್ಬದ ಎಮ್ಮೆಯ ಬಾಯಿಗೆ ಅದು ಹೋಗಲೇಬಾರದು.